ಆಯಿಯ ಬಾಯಲ್ಲಿ ಹೇಳಿಸಿದ ಹೆಸರು

ಬೀದರಿನ ಆ ಏಜೆನ್ಸಿಯ ಕೋಣೆಯಲ್ಲಿ ನಾವು ಮೂರೇ ಜನ ಇದ್ದೆವು. ಮೇಜಿನ ಆಚೆ ಏಜೆನ್ಸಿ ನಡೆಸುವ ಹುಡುಗ. ಹುಡುಗ ಅಂದರೆ ಮೂವತ್ತು ದಾಟಿದವನೇ, ನನ್ನ ವಯಸ್ಸಿಗೆ ಹುಡುಗ. ಈಚೆ ಭಾಲ್ಕಿ ಕಡೆಯ ಒಬ್ಬ ಹುಡುಗಿ, ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಅವಳ ಪಕ್ಕದ ಕುರ್ಚಿಯಲ್ಲಿ ನಾನು.

ನಾನು ಏಜೆನ್ಸಿಯವನೂ ಅಲ್ಲ, ಹುಡುಗಿಯ ಬಳಗವೂ ಅಲ್ಲ. ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟು ಅರ್ಜಿ ಬರೆದುಕೊಡುವವನು. ಶಾಲೆಯಲ್ಲಿ ಕಲಿತದ್ದು ಕಡಿಮೆ. ಕನ್ನಡ ಅಜ್ಜಿಯಿಂದ ಬಂತು, ಮರಾಠಿ ಸೋದರತ್ತೆಯಿಂದ, ಉರ್ದು ಬದಿಮನೆಯ ಮುದುಕರ ಚಾದ ಕಟ್ಟೆಯಿಂದ. ಹಾಗಾಗಿ ಯಾರ ಹತ್ತಿರ ಕೂತರೂ ನನ್ನ ಮಾತು ನಡೆಯುತ್ತದೆ. ಈ ಏಜೆನ್ಸಿಗಳು ಕಾಯಂ ನೌಕರಿ ಕೊಡುವುದಿಲ್ಲ. ಯಾವುದೋ ದೊಡ್ಡ ಕಂಪನಿಯ ಸರ್ವೇ ಹಿಡಿದು, ಊರ ಹುಡುಗ ಹುಡುಗಿಯರನ್ನು ಕಾಂಟ್ರ್ಯಾಕ್ಟಿನ ಮೇಲೆ ಕಳಿಸುತ್ತವೆ. ಮನೆಗೆ ಇಷ್ಟು ಅಂತ ಲೆಕ್ಕ. ಕೆಲಸ ಮುಗಿದ ಮೇಲೆ ಹಣ ತಡೆದಾಗ ಆ ಮಕ್ಕಳು ಎಲ್ಲಿಗೆ ಹೋಗಬೇಕು? ನನ್ನ ಅಂಗಡಿಗೆ ಬರುತ್ತಾರೆ. ನಾನು ಅರ್ಜಿ ಬರೆಯುವುದಕ್ಕಿಂತ ಮೊದಲು ಅವರ ಜೊತೆ ಎದ್ದು ಹೋಗಿ ಮಾತಾಡಿ ನೋಡುತ್ತೇನೆ. ಬಹಳ ಸಲ ಒಂದು ಚಾದಲ್ಲಿ ಮುಗಿದುಹೋಗುತ್ತದೆ. ಅದರ ಬಗ್ಗೆ ನನಗೊಂದು ಸಣ್ಣ ಜಂಬವೂ ಇತ್ತು.

"ಕಾಕಾ, ನೀವೇ ಕೇಳ್ರಿ," ಎಂದು ಏಜೆನ್ಸಿಯ ಹುಡುಗ ತನ್ನ ಫೋನನ್ನು ಮೇಜಿನ ಮೇಲಿಟ್ಟು ಒತ್ತಿದ. ಸರ್ವೇ ಮಾಡುವಾಗ ಫೋನು ತಾನೇ ಮಾತನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದಂತೆ. ಹುಡುಗಿಯ ದನಿ ಕೇಳಿತು: "ಆಯಿ, ಮನಿ ಯಜಮಾನರ ಹೆಸರೇನ್ರಿ?" ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ಆಮೇಲೆ ಬೇರೊಬ್ಬ ಹೆಂಗಸಿನ ದನಿ ಹೆಸರು ಹೇಳಿತು.

"ಕೇಳ್ದಿರೇನ್ರಿ? ಉತ್ರ ಕೊಡಾಕಿ ಒಬ್ಬಾಕಿ, ಹೆಸರ್ ಹೇಳಾಕಿ ಮತ್ತೊಬ್ಬಾಕಿ. ಔರಾದ ಕಡಿ ಮನಿಗೋಳು ಅರ್ಧಕ್ಕರ್ಧ ಹಿಂಗೇ ಅವ. ಮನಿಗಿ ಹೋಗೇ ಇಲ್ಲ, ಎಲ್ಲೋ ನಾಕ್ ಹೆಣ್ಮಕ್ಳಿಗಿ ಕುಂದ್ರಿಸ್ಕೊಂಡು ತುಂಬ್ಯಾಳ ಅಂತ ಕಂಪನಿಯವ್ರು ನನ್ನ ರೊಕ್ಕ ತಡ್ದಾರ. ನಾ ಇಕಿಗಿ ಎಲ್ಲಿಂದ ಕೊಡ್ಲಿ?"

"ನಾ ಸುಳ್ಳ್ ತುಂಬಿಲ್ರಿ ಸರ್," ಹುಡುಗಿ ದುಪಟ್ಟಾ ಬಿಟ್ಟಳು. "ವಯಸ್ಸಾದವ್ರು ಗಂಡನ ಹೆಸರ್ ಹೇಳಂಗಿಲ್ರಿ. ಸೊಸಿಗಿ ಕೇಳಿದ್ರ ಅಕಿ ಮಾವನ ಹೆಸರ್ ಹೇಳಂಗಿಲ್ಲ. ಬದಿಮನಿಯವ್ರಿಗೇ ಕೇಳ್ಬೇಕ್ರಿ. ನಿಮ್ಮವ್ವರು ಹೇಳ್ತಾರೇನ್ರಿ?"

ಅವನಿಗೂ ನಗು ಬಂತು. "ನಮ್ಮವ್ವ 'ಏ, ಇಲ್ ಕೇಳ್ರಿ' ಅಂತಾಳ. ಆದ್ರ ರೊಕ್ಕ ಕೊಡಾವ್ರು ನಮ್ಮವ್ವ ಅಲ್ಲಲಾ ತಂಗಿ."

ಹುಡುಗಿಗೆ ನರ್ಸಿಂಗ್ ಕೋರ್ಸಿನಲ್ಲಿ ಸೀಟು ಸಿಕ್ಕಿತ್ತು. ಶನಿವಾರದೊಳಗೆ ಫೀ ಕಟ್ಟದಿದ್ದರೆ ಅದು ಮುಂದಿನವರಿಗೆ ಹೋಗುತ್ತಿತ್ತು. ಆ ಫೀ ಸಲುವಾಗಿಯೇ ಅವಳು ಬಿಸಿಲಲ್ಲಿ ಊರೂರು ತಿರುಗಿದ್ದಳು. ಅವತ್ತು ಮಂಗಳವಾರ.

ಆಗ ನಾನು ಬಾಯಿ ಹಾಕಿದೆ. "ಸಾಹೇಬ್ರ, ಒಂದ್ ಮನಿ ನೀವೇ ಆರಿಸ್ರಿ. ಆ ಮನಿ ಯಜಮಾನ್ತಿ ಬಾಯಿಂದೇ ಹೆಸರ್ ಹೇಳಿಸ್ಕೊಂಡ್ ಬರ್ತೇವಿ. ಫೋನಿನಾಗಿನ ದನಿಗಿ ಆ ದನಿ ಕೂಡಿತಂದ್ರ ಎಲ್ಲಾ ಮನಿಗೋಳು ಖರೆ ಅಂತ ಕಂಪನಿಗಿ ಬರೀರಿ, ಇಕಿ ರೊಕ್ಕ ಪೂರಾ ಕೊಡ್ರಿ."

ಅವನು ಸ್ವಲ್ಪ ಯೋಚಿಸಿ, ಈಗಷ್ಟೇ ಕೇಳಿಸಿದ ಮನೆಯನ್ನೇ ಆರಿಸಿದ. ಚಿಂತಾಕಿಯ ಹತ್ತಿರದ ಒಂದು ಮನೆ. ಮೆಟ್ಟಿಲಿಳಿಯುವಾಗ ನನ್ನ ಎದೆ ಉಬ್ಬಿತ್ತು. ಹುಡುಗಿ ಮಾತ್ರ, "ಕಾಕಾ, ಆಯಿ ಹೇಳ್ತಾರಂತೀರೇನು?" ಅಂದಳು.

"ಯಾಕ ಹೇಳಂಗಿಲ್ಲ? ನಾ ಮಾತಾಡ್ತೇನಿ ಬಾ."

ಮರುದಿನ ಔರಾದದ ತನಕ ಬಸ್ಸು, ಅಲ್ಲಿಂದ ಆಟೊ. ಮನೆಯ ಮುಂದೆ ಕುರಿ ದೊಡ್ಡಿ, ಕಟ್ಟೆಯ ಮೇಲೆ ಮುದುಕ ಒಂದು ಕುರಿಮರಿಯ ಕಾಲು ಹಿಡಿದು ಮುಳ್ಳು ತೆಗೆಯುತ್ತಿದ್ದ. ಹುಡುಗಿಯನ್ನು ಕಂಡದ್ದೇ ಆಯಿ ಒಳಗಿನಿಂದ ಬಂದು, "ಬಾರವ್ವ, ಸೊರಗಿಯಲ್ಲ" ಎಂದು ಅವಳ ಗದ್ದ ಹಿಡಿದಳು. ಚಾ ಬಂತು. ನಾನು ಬಂದ ಕೆಲಸ ಹೇಳಿದೆ. ಹುಡುಗಿಯ ಫೀ, ಶನಿವಾರ, ತಡೆದ ಹಣ, ಎಲ್ಲವನ್ನೂ.

ಮುದುಕ ಕಟ್ಟೆಯಿಂದಲೇ ಕೂಗಿದ: "ಹೇಳ್ ಹೇಳ್! ಲಗ್ನ ಆದಾಗಿಂದ ನಾನೂ ಕೇಳಿಲ್ಲ. ನನ್ ಹೆಸರ್ ಗೊತ್ತದೋ ಇಲ್ಲೋ ಇಕಿಗಿ!"

"ಗೊತ್ತಿಲ್ದೇ ಇಷ್ಟ್ ವರ್ಷ ರೊಟ್ಟಿ ಬಡ್ದು ಹಾಕ್ದೆನೇನು?" ಆಯಿ ಅಲ್ಲಿಂದಲೇ ತಿವಿದಳು. ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಹೇಳ್ಬಾರ್ದಪ್ಪಾ. ಹೇಳಿದ್ರ ಅವರ ಆಯುಷ್ಯ ಸವೀತದ."

ನನಗೆ ಗೊತ್ತಿಲ್ಲದ ಮಾತೇ ಅದು? ನಮ್ಮ ಅಜ್ಜಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗಲೂ ನರ್ಸಿಗೆ ಗಂಡನ ಹೆಸರು ಹೇಳಲಿಲ್ಲ, ನನ್ನ ಕಡೆ ಬೆರಳು ಮಾಡಿದಳು. ಎಲ್ಲ ಗೊತ್ತಿದ್ದೂ ನಾನು ಜಾಣತನ ತೋರಿಸಿದೆ. "ಆಯಿ, ಬರೇ ಹೇಳ್ಬ್ಯಾಡ್ರಿ. ಲಗ್ನದಾಗ ಹೇಳ್ತಿದ್ರಲ್ಲ, ಹಂಗ ಒಡಪು ಹಾಕಿ ಹೇಳ್ರಿ."

ಒಡಪು ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳು ಪ್ರಾಸ ಕಟ್ಟಿ, ಅದರ ನಡುವೆ ಗಂಡನ ಹೆಸರು ಅಡಗಿಸಿ ಹೇಳುವುದು. ಹಾಗೆ ಹೇಳಿದರೆ ದೋಷವಿಲ್ಲ. ಆಯಿಯ ಮುಖ ಅರಳಿತು. ಬದಿಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಆಯಿ ಸೆರಗು ಸರಿಮಾಡಿಕೊಂಡು ಹೇಳಿದಳು:

"ಹೊಲದಾಗ ಅರಳ್ಯಾದ ತೊಗರಿ ಹೂವಾ, ಹಿಂಡಿನಾಗ ಒದರ್ಯಾದ ಬೆಳ್ಳನ ಮರಿ, ಹೊಸ್ತಿಲದಾಗ ನಿಂತ..." ಎಂದು ಇಲ್ಲಿ ಹೆಸರು ಹೇಳಿ, "...ರ ಹೆಸರ್ ಹೇಳ್ತೇನಿ, ಕಿವಿಗೊಟ್ಟು ಕೇಳ್ರಿ!"

ಹೆಂಗಸರೆಲ್ಲ ಹೋ ಎಂದರು. "ಏ ಮುತ್ಯಾ, ಕೇಳ್ದ್ಯೋ ಇಲ್ಲೋ?" ಎಂದು ಒಬ್ಬಳು ಕೂಗಿದಳು. ಮುದುಕ ಮೀಸೆಯ ಮೇಲೆ ಕೈಯಾಡಿಸಿ, "ಇನ್ನೊಮ್ಮಿ ಹೇಳಂತ ಹೇಳ್ರಿ, ಈ ಕಿವಿ ಮಂದ ಅದ," ಎಂದ. ಹುಡುಗಿ ಅದನ್ನು ಫೋನಿನಲ್ಲಿ ಹಿಡಿದು, ನಗುತ್ತಲೇ ಏಜೆನ್ಸಿಗೆ ಕಳಿಸಿದಳು.

ಇನ್ನೊಂದು ಚಾ ಮುಗಿಯುವುದರೊಳಗೆ ಏಜೆನ್ಸಿಯವನ ಫೋನು ಬಂತು. "ಕಾಕಾ, ಏನ್ರಿ ಇದು, ಹಾಡು ಕಳಿಸೀರಿ? ಕಂಪನಿಯವ್ರು ಇದಕ್ಕ ನಗ್ತಾರ. ಅವರ ಮಷಿನ್ನಿಗಿ ಇದು ತಿಳಿಯಂಗಿಲ್ಲ. ಪ್ರಶ್ನೆ ಕೇಳ್ರಿ, ಬರೇ ಹೆಸರ್ ಹೇಳಿಸ್ರಿ. ಇವತ್ತೇ ಕಳಿಸ್ಬೇಕ್ರಿ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಹೊರಗೆ ಹೋಗಿ ಅವನ ಹತ್ತಿರ ಜಗಳವಾಡಬಹುದಿತ್ತು, ಬೇರೆ ಮನೆ ಕೇಳಬಹುದಿತ್ತು, ಅರ್ಜಿ ಬರೆಯಬಹುದಿತ್ತು. ಬಾಯಿಯಿಂದಲೇ ಬದುಕುವ ನಾನು ಅದಾವುದನ್ನೂ ಮಾಡಲಿಲ್ಲ. ಹುಡುಗಿ ಮಾತ್ರ, "ಬ್ಯಾಡ್ರಿ ಕಾಕಾ, ಹೋಗೂಣು ನಡೀರಿ," ಎಂದು ಚೀಲ ಹೆಗಲಿಗೇರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ಆಯಿ ನೋಡಿದಳು. ಆಯಿ ನೋಡಿದ್ದನ್ನು ನಾನು ನೋಡಿದೆ. ನೋಡಿಯೂ ಹೇಳಿದೆ:

"ಆಯಿ, ಒಂದೇ ಸಲ, ಬರೇ ಹೆಸರ್ ಹೇಳ್ರಿ."

ಬಾಗಿಲಲ್ಲಿದ್ದ ಹೆಂಗಸರ ನಗು ನಿಂತಿತು. ಆಯಿ ಕೊರಳ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹುಡುಗಿ ಪ್ರಶ್ನೆ ಕೇಳಲಿಲ್ಲ, ಅವಳಿಂದಾಗಲಿಲ್ಲ. ಅವಳ ಫೋನು ಹಿಡಿದು ನಾನೇ ಕೇಳಿದೆ. ಆಯಿ ಗೋಡೆಯ ಕಡೆ ಮುಖ ಮಾಡಿ, ರೇಷನ್ ಅಂಗಡಿಯವನು ಪಟ್ಟಿ ಓದಿದಂತೆ ಹೇಳಿದಳು. ಗಂಡನ ಹೆಸರು, ಅಡ್ಡಹೆಸರು, ಅಷ್ಟೇ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

ಕಟ್ಟೆಯ ಮೇಲಿದ್ದ ಮುದುಕ ಕುರಿಮರಿಯನ್ನು ಕೆಳಗೆ ಬಿಟ್ಟು, ಎದ್ದು, ದೊಡ್ಡಿಯ ಹಿಂದೆ ಹೋದ.

"ಆತೇನಪ್ಪಾ?" ಆಯಿ ಗೋಡೆಯಿಂದ ತಿರುಗದೆಯೇ ಕೇಳಿದಳು. "ಪೋರಿ ರೊಕ್ಕ ಬರ್ತದಲಾ?"

"ಬರ್ತದ್ರಿ ಆಯಿ," ಅಂದೆ. ಉಂಡು ಹೋಗಿ ಅಂದರು. ಹಿಡಿದ ದನಿಯನ್ನು ಏಜೆನ್ಸಿಗೆ ಕಳಿಸಿ, ಬಸ್ಸಿನ ನೆಪ ಹೇಳಿ ಹೊರಟೆ. ದೊಡ್ಡಿಯ ಹಿಂದೆ ಹೋಗಿ ಮುದುಕನಿಗೆ ಹೋಗಿಬರುತ್ತೇನೆ ಅನ್ನಬೇಕಿತ್ತು, ಕಾಲು ಬರಲಿಲ್ಲ. ಔರಾದದಿಂದ ಬಸ್ಸಿನುದ್ದಕ್ಕೂ ನಾನು ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

ಆಮೇಲೆ ಏಜೆನ್ಸಿಯ ಹುಡುಗ ನನ್ನನ್ನು ಹೊಗಳಿದ. ಅಂಗಡಿಗೇ ಬಂದು, ಬೇರೆ ಯಾರಿಂದಲೂ ಇದು ಆಗುತ್ತಿರಲಿಲ್ಲ, ನಿಮ್ಮ ಬಾಯಲ್ಲಿ ಸಕ್ಕರೆ ಅದ ಎಂದ. ನಾನು ತಲೆ ತಗ್ಗಿಸಿ ಯಾರದೋ ಆಧಾರ್ ಕಾರ್ಡ್ ಝೆರಾಕ್ಸ್ ಮಾಡುತ್ತಲೇ ಇದ್ದೆ. ಅವನು ಅದನ್ನು ವಿನಯ ಅಂದುಕೊಂಡ.

ಶುಕ್ರವಾರ ಮಧ್ಯಾಹ್ನ ಹುಡುಗಿಯ ಖಾತೆಗೆ ಹಣ ಪೂರಾ ಬಂತು. ಶನಿವಾರ ಅವಳು ಅಪ್ಪನ ಜೊತೆ ಬಂದು ಫೀ ಕಟ್ಟಿದಳು. ಅಲ್ಲಿಂದ ಇಬ್ಬರೂ ಆಯಿಗೊಂದು ಸೀರೆ, ಮುದುಕನಿಗೊಂದು ಧೋತರ ಕೊಂಡು ಔರಾದದ ಬಸ್ಸು ಹತ್ತಿದರು. ನನ್ನನ್ನೂ ಕರೆದರು. ನಾನು ಹೋಗಲಿಲ್ಲ.