ಗಂಡನ ಪಾಲಿನ ಅರ್ಧ ಮನೆ

ಸೋಲಾಪುರದ ವಿಜಾಪುರ ರಸ್ತೆಯ ನಮ್ಮ ಮನೆಯ ಎದುರು ಹಲಗೆ ಬಾರಿಸುವ ಸದ್ದು ಕೇಳಿದಾಗ ಯಾರದೋ ಮದುವೆ ಮೆರವಣಿಗೆ ಇರಬೇಕು ಅಂದುಕೊಂಡೆ. ಹಿಂದಿನ ಕೋಣೆಯಲ್ಲಿ ಹೆಂಗಸರು ಅಂಗಡಿಗಳಿಗೆ ಕೊಡುವ ಕಡಕ್ ರೊಟ್ಟಿ ಬಡಿಯುತ್ತಿದ್ದರು. ಅದು ನನ್ನದೇ ಸಣ್ಣ ವ್ಯಾಪಾರ. ಹಲಗೆ ಮುಂದೆ ಹೋಗಲಿಲ್ಲ, ನಮ್ಮ ಗೇಟಿನ ಮುಂದೆಯೇ ನಿಂತಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

ಕೋರ್ಟಿನ ಆದೇಶ ಜಾರಿ ಮಾಡುವ ಬೇಲಿಫ ನಮ್ಮ ಬಾಗಿಲ ಪಕ್ಕದ ಗೋಡೆಗೆ ಕಾಗದ ಅಂಟಿಸುತ್ತಿದ್ದ. ಅವನ ಜೊತೆಗೆ ಬಂದವನು ಹಲಗೆ ನಿಲ್ಲಿಸಿ ಮರಾಠಿಯಲ್ಲಿ ಕೂಗಿ ಹೇಳಿದ. ಈ ಮನೆಯಲ್ಲಿ ನನ್ನ ಗಂಡನಿಗಿರುವ ಪಾಲು ಜಪ್ತಿಯಾಗಿದೆ, ಅವರು ಅದನ್ನು ಮಾರುವಂತಿಲ್ಲ, ಯಾರೂ ಕೊಳ್ಳುವಂತಿಲ್ಲ. ಗಂಡನ ಹೆಸರನ್ನು ಅವರ ತಂದೆಯ ಹೆಸರಿನ ಸಮೇತ ಓದಿದ. ಎದುರುಮನೆಯವರೆಲ್ಲ ಮಾಳಿಗೆಯ ಮೇಲೆ ಬಂದು ನಿಂತಿದ್ದರು.

ಮನೆ ತಪ್ಪಿ ಬಂದಿದ್ದಾರೆ ಅಂತಲೇ ನನಗೆ ಅನ್ನಿಸಿತು. ಹಾಗೆಂದು ಹೇಳಿದೆ ಕೂಡ. ಮನೆ ನನ್ನ ಹೆಸರಿನಲ್ಲೂ ಇದೆ, ನಾನು ಯಾವ ಸಾಲಕ್ಕೂ ಸಹಿ ಹಾಕಿಲ್ಲ ಎಂದೆ. ಬೇಲಿಫ ವಯಸ್ಸಾದವನು, ಮೆತ್ತಗಿನ ಮಾತಿನವನು.

"ವೈನಿ, ನಿಮ್ಮ ಪಾಲು ಯಾರೂ ಮುಟ್ಟೂದಿಲ್ರಿ. ಅವರ ಪಾಲಷ್ಟ ಜಪ್ತಿ ಆಗೇದ. ಅವರನ್ನ ಕೇಳ್ರಿ, ಎಲ್ಲಾ ಗೊತ್ತದ ಅವರಿಗೆ."

ಗೇಟು ಹಿಡಿದು ನಿಂತೆ.

ಆ ಮನೆಗೆ ನನ್ನ ತವರು ದುಧನಿಯ ಹೊಲದಲ್ಲಿ ನನ್ನ ಪಾಲಿಗೆ ಬಂದ ದುಡ್ಡು ಸೇರಿತ್ತು, ಗಂಡನ ಸಂಬಳವೂ ಸೇರಿತ್ತು. ಅದಕ್ಕೇ ಇಬ್ಬರ ಹೆಸರಿನಲ್ಲೂ ಖರೀದಿಯಾಗಿತ್ತು. ಇಬ್ಬರ ಹೆಸರಿದ್ದರೆ ಒಬ್ಬರಿಂದ ಅದಕ್ಕೆ ಏನೂ ಆಗುವುದಿಲ್ಲ ಎಂದು ನಾನು ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ನನ್ನ ಗಂಡ ಚಾದರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಕುಡಿತವಿಲ್ಲ, ಇಸ್ಪೀಟಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವುದಕ್ಕೂ ನನ್ನ ಮುಖ ನೋಡುವ ಮನುಷ್ಯ.

ಮಧ್ಯಾಹ್ನ ಊಟಕ್ಕೆ ಬಂದವರು ಗೋಡೆಯ ಮೇಲಿನ ಕಾಗದ ನೋಡಿ ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನೇ ಹೋಗಿ ಎದುರು ನಿಂತೆ. ಆಗ ಹೇಳಿದರು. ಗೆಳೆಯನೊಬ್ಬನ ಜೊತೆ ಸೇರಿ ಅಕ್ಕಲಕೋಟೆಯಲ್ಲಿ ಭಕ್ತರಿಗಾಗಿ ಲಾಜ್ ಕಟ್ಟಿಸಲು ಹೊರಟಿದ್ದರಂತೆ. ಸಾಲ ಕೊಡುವ ಸಹಕಾರಿ ಪತಸಂಸ್ಥೆಯೊಂದರಿಂದ ತಮ್ಮ ಹೆಸರಿನಲ್ಲಿ ಸಾಲ ತೆಗೆದಿದ್ದರಂತೆ. ಗೆಳೆಯ ಅರ್ಧಕ್ಕೇ ಕೈಬಿಟ್ಟ. ಕೋರ್ಟಿನ ನೋಟೀಸುಗಳೆಲ್ಲ ಅಂಗಡಿಗೇ ಬರುತ್ತಿದ್ದವು.

"ನನಗ್ಯಾಕ ಹೇಳಲಿಲ್ರಿ?"

"ಲಾಜ್ ಚಾಲೂ ಆದಮ್ಯಾಲ ಒಮ್ಮಿಲೇ ಕರಕೊಂಡ ಹೋಗಿ ತೋರಸ್ಬೇಕಂತ ಮಾಡಿದ್ದೆ. ಆಮ್ಯಾಲ ಹೇಳಾಕ ಬಾಯೇ ಬರಲಿಲ್ಲ."

ಯಾವ ಕಟ್ಟಡ ಎಂದು ಕೇಳಿದೆ. ಅವರು ಗುರುತು ಹೇಳಿದಾಗ ನನಗೆ ಇನ್ನೊಂದು ಏಟು ಬಿದ್ದಂತಾಯಿತು. ಗುರುವಾರ ಅಕ್ಕಲಕೋಟೆಗೆ ದರ್ಶನಕ್ಕೆ ಹೋದಾಗಲೆಲ್ಲ ನಾವು ಮೋಟಾರ್ ಸೈಕಲ್ ನಿಲ್ಲಿಸುತ್ತಿದ್ದುದು ಅದರ ಪಕ್ಕದಲ್ಲೇ. ಗಿಲಾಯಿ ಇಲ್ಲದ ಬರೀ ಇಟ್ಟಿಗೆಯ ಗೋಡೆ, ಮೇಲೆ ತುಕ್ಕು ಹಿಡಿದ ಕಬ್ಬಿಣದ ಸಳಿಗಳು. ಒಮ್ಮೆ ಅಲ್ಲಿ ನಿಂತು, ಯಾರ ಪಾಪದ ದುಡ್ಡೋ ಹೀಗೆ ಹಾಳಾಗಿದೆ ನೋಡಿ ಎಂದು ನಾನೇ ಅಂದಿದ್ದೆ. ಅವರು ಹೂಂ ಅಂದಿದ್ದರು.

ಮರುದಿನ ಊರಿನ ಒಬ್ಬ ವಕೀಲಬಾಯಿಯ ಹತ್ತಿರ ಹೋದೆವು. ಆ ಸಾಲ ನನ್ನದಲ್ಲ, ನನ್ನ ಅರ್ಧಕ್ಕೆ ಧಕ್ಕೆಯಿಲ್ಲ ಎಂದು ಆಕೆಯೂ ಹೇಳಿದಳು. ನನಗೆ ಸ್ವಲ್ಪ ಜೀವ ಬಂತು. ಹಾಗಾದರೆ ಪತಸಂಸ್ಥೆಯವರೇನು ನನ್ನ ಒಲೆಯಲ್ಲಿ ಅರ್ಧ ಮಾರುತ್ತಾರೆಯೇ ಎಂದು ಕೇಳಿದೆ.

"ಒಲಿ ಅಲ್ಲ ಅಕ್ಕಾರ, ಹಕ್ಕು ಮಾರ್ತಾರ. ಲಿಲಾವದಾಗ ಸವಾಲು ಕೂಗಿ ಅದನ್ನ ಹಿಡದವ ನಾಳೆ ನನ್ನ ಪಾಲು ಬ್ಯಾರೆ ಮಾಡಿ ಕೊಡ್ರಿ ಅಂತ ಕೋರ್ಟಿಗೆ ಹೋಗಬಹುದು. ಮನಿ ಹಂಚಾಕ ಬರಲಿಲ್ಲಂದ್ರ ಪೂರ್ತಿ ಮಾರಿ ರೊಕ್ಕ ಹಂಚ್ಕೋರಿ ಅಂತ ಕೋರ್ಟ್ ಹೇಳಿದ್ರೂ ಹೇಳೀತು."

ಮುರಿಯದೆ ಹಾಗೇ ಉಳಿದದ್ದು ನನ್ನ ಪಾಲು ಮಾತ್ರ, ಮನೆಯಲ್ಲ ಎಂಬುದು ನನಗೆ ತಿಳಿದದ್ದು ಆಗ. ವಾಪಸ್ ಬರುವಾಗ ಕೆಲವು ದಿನ ತವರಿಗೆ ಹೋಗಿ ಇದ್ದುಬಿಡೋಣ ಅನ್ನಿಸಿತ್ತು. ಆದರೆ ನಾನು ಹೋದರೆ ರೊಟ್ಟಿಯ ಕೆಲಸವನ್ನೇ ನಂಬಿದ ಹೆಂಗಸರು ಏನು ಮಾಡಬೇಕು?

ಹರಾಜಿನ ತನಕ ಕಾಯುವುದು ಬೇಡ ಎಂದು ನಾನೇ ಹೇಳಿದೆ. ಮನೆಯನ್ನು ನಾವೇ ಎರಡು ಮಾಡೋಣ. ರಸ್ತೆಯ ಕಡೆಗಿನ ಮುಂಭಾಗ ಅವರ ಪಾಲು, ಒಲೆಯಿರುವ ಹಿಂಭಾಗ ನನ್ನ ಪಾಲು. ಮುಂಭಾಗವನ್ನು ನಮಗೆ ಗೊತ್ತಿದ್ದವರಿಗೇ ಮಾರಿ ಪತಸಂಸ್ಥೆಯ ಬಾಕಿ ಮುಟ್ಟಿಸೋಣ. ಗಂಡ ಒಪ್ಪಿದರು. ವಕೀಲಬಾಯಿ ಪತಸಂಸ್ಥೆಯವರನ್ನು ಒಪ್ಪಿಸಿ, ಕೋರ್ಟಿನ ಪರವಾನಗಿ ತಂದಳು. ಓಣಿಯ ಔಷಧ ಅಂಗಡಿಯವರು ಜಾಗ ಹುಡುಕುತ್ತಿದ್ದರು, ಅವರೇ ಕೊಂಡರು. ಬಾಕಿ ತೀರಿತು, ಜಪ್ತಿ ತೆರವಾಯಿತು. ಗೌಂಡಿ ಬಂದು ಪಡಸಾಲೆಯ ಆಚೆ ತುದಿಗೆ, ಎರಡೂ ಪಾಲಿನ ನಡುವೆ, ಇಟ್ಟಿಗೆ ಗೋಡೆ ಎಬ್ಬಿಸಿದ. ಈಗ ನಾವು ಪಕ್ಕದ ಸಂದಿಯಿಂದ ಓಡಾಡುತ್ತೇವೆ.

ಒಮ್ಮೆ ತಲೆನೋವಿನ ಗುಳಿಗೆಗೆಂದು ಆ ಅಂಗಡಿಗೆ ಹೋಗಿದ್ದೆ. ಚಿಲ್ಲರೆಗೆ ಕಾಯುತ್ತಾ ನಿಂತವಳು ಕೆಳಗೆ ನೋಡಿದೆ. ನೆಲದಲ್ಲಿ ನಮ್ಮದೇ ಫರಸಿ ಕಲ್ಲು. ಪಾದಕ್ಕೆ ಗುರುತಿದ್ದ ತಂಪು. ಗುಳಿಗೆ ಅಲ್ಲೇ ಬಿಟ್ಟು ಬಂದುಬಿಟ್ಟೆ. ಅಂಗಡಿಯವರು ಆಮೇಲೆ ಮನೆಗೆ ಕಳಿಸಿಕೊಟ್ಟರು.

ಗಂಡನ ಮೇಲೆ ನನಗಿದ್ದ ಸಿಟ್ಟು ಹೋಗಿದೆಯೋ ಇಲ್ಲವೋ ಹೇಳಲಾರೆ. ಬೆಳಗ್ಗೆ ಅವರೇ ಹಿಟ್ಟು ಬೀಸಿಸಿಕೊಂಡು ಬರುತ್ತಾರೆ, ಅಂಗಡಿಗಳಿಗೆ ರೊಟ್ಟಿ ಮುಟ್ಟಿಸುತ್ತಾರೆ. ಮೊನ್ನೆ ಅಂಗಿ ತೂಗುಹಾಕಲು ಮೊಳೆ ಮತ್ತು ಸುತ್ತಿಗೆ ಹಿಡಿದು ಒಲೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಇಲ್ಲೊಂದು ಮೊಳಿ ಹೊಡೀಲೇನು?"

ಅದಕ್ಕೂ ಕೇಳಬೇಕೇ ಎಂದೆ.

"ಮನಿ ನಿಂದದ. ಕೇಳಬೇಕಲ್ಲ."

ಅವರು ಕೊಂಕು ಆಡುತ್ತಿರಲಿಲ್ಲ. ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದರು. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯ ನನ್ನ ಬಾಗಿಲಲ್ಲಿ ಬಾಡಿಗೆದಾರನ ಹಾಗೆ ನಿಂತಿದ್ದರು. ನಾನು ಅವರ ಕೈಯಿಂದ ಮೊಳೆ ಇಸಿದುಕೊಂಡು, ಗೋಡೆಯ ಮೇಲೆ ಜಾಗ ತೋರಿಸಿ ಹಿಡಿದುಕೊಂಡೆ. ಅವರು ಹೊಡೆದರು.