ಕರಿ ಲೇಪದ ಮೇಲಿನ ಮಸುಕು

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ವಸ್ತುಗಳ ಸವೆತದ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗುಗಳು ಒಂದಕ್ಕೊಂದು ತಾಗಿ ಮುರಿಯುತ್ತವೆ ಎಂದು ಓದಿದ್ದೆ. ದೇವರಾಜ ಮೊಹಲ್ಲಾದ ನಮ್ಮ ಮನೆಯಲ್ಲಿ ಇದಕ್ಕೆ ಯಾರೂ ಸೊಪ್ಪು ಹಾಕುತ್ತಿರಲಿಲ್ಲ. "ಉಜ್ಜೋದನ್ನ ಕಲಿಯೋಕೆ ಕಾಲೇಜು ಬೇಕಾ? ಪಾತ್ರೆ ಇಲ್ಲೇ ಬಿದ್ದಿದೆಯಲ್ಲ" ಎಂದು ಅಮ್ಮ ಕಾಲೆಳೆಯುತ್ತಿದ್ದಳು.

ಒಂದು ಬೆಳಿಗ್ಗೆ ಅಜ್ಜಿ ಪೂಜೆ ಮುಗಿಸಿ ನನ್ನನ್ನು ಕರೆದರು. ಎಡ ಅಂಗೈ ಮೇಲೆ ಅವರ ಇಷ್ಟಲಿಂಗವಿತ್ತು. ಹುಟ್ಟಿದಾಗ ಕಟ್ಟಿದ್ದು, ಮೈಯಿಂದ ಎಂದೂ ದೂರವಿಡದೇ ಇದ್ದದ್ದು, ಮಣ್ಣಿಗೆ ಹೋಗುವಾಗಲೂ ಕೈಯಲ್ಲೇ ಇರಬೇಕಾದದ್ದು. ಅದರ ಕರಿ ಲೇಪ ಒಂದು ಕಡೆ ಮಸುಕಾಗಿತ್ತು.

"ನನ್ನಿಂದ ಏನೋ ಲೋಪ ಆಗಿದೆ ಕಣಮ್ಮ."

"ಸವೆದಿದೆ ಅಷ್ಟೇ ಅಜ್ಜಿ."

"ಸವೆಯೋಕೆ ನಾನೇನು ಕಲ್ಲಿಗೆ ತೇಯ್ದ್ನಾ? ಹತ್ತಿ ಬಟ್ಟೇಲಿ ಒರೆಸೋದು. ಮೆತ್ತಗಿರೋದು ಗಟ್ಟಿಯಾಗಿರೋದನ್ನ ತಿನ್ನುತ್ತಾ?"

ನನ್ನ ಓದಿಗೇ ಸವಾಲು ಹಾಕಿದಂತಾಗಿ ನನಗೆ ಸಿಟ್ಟು ಬಂತು. ಅಂದಿನಿಂದ ಅಜ್ಜಿ ತಪ್ಪಿಗೆಂದು ಒಂದೇ ಹೊತ್ತು ಊಟ ಮಾಡತೊಡಗಿದರು. ಒರೆಸುವುದನ್ನು ಮಾತ್ರ ಇನ್ನೂ ಹೆಚ್ಚಿಸಿದರು. ನೋಡನೋಡುತ್ತ ಇಳಿದುಹೋದರು. ನನಗೆ ಭಯವಾಯಿತು.

ಲಿಂಗವನ್ನು ಕಾಲೇಜಿಗೆ ಒಯ್ಯುವ ಮಾತೇ ಇಲ್ಲ. ಪೂಜೆಯಲ್ಲಿ ಅದಕ್ಕೆ ಹಚ್ಚುವ ವಿಭೂತಿಯ ಒಂದು ಚಿಟಿಕೆಯನ್ನೂ ಒರೆಸುವ ಬಟ್ಟೆಯ ಅಂಚಿನ ಒಂದು ಚೂರನ್ನೂ ಒಯ್ದು ಸೂಕ್ಷ್ಮದರ್ಶಕದಡಿ ಇಟ್ಟೆ. ಬೆರಳಿಗೆ ಅಷ್ಟು ನುಣ್ಣಗಿದ್ದ ಬೂದಿಯಲ್ಲಿ ಅಲ್ಲೊಂದು ಇಲ್ಲೊಂದು ಚೂಪಾದ ಹರಳು. ಅವೇ ಬಟ್ಟೆಯ ಎಳೆಗಳಲ್ಲೂ ಸಿಕ್ಕಿಕೊಂಡಿದ್ದವು. ಆ ಮೆತ್ತನೆಯ ಬಟ್ಟೆ ಉಪ್ಪುಕಾಗದದ ಕೆಲಸ ಮಾಡುತ್ತಿತ್ತು.

ಖುಷಿಯಾಗಬೇಕಿತ್ತು, ತಲೆ ಕೆಟ್ಟಿತು. ಹೇಳಿದರೆ ಅವರು ಹಣೆಗೆ ಹಚ್ಚಿಕೊಳ್ಳುವ ವಿಭೂತಿಯ ಮೇಲೇ ಚಾಡಿ ಹೇಳಿದಂತಾಗುತ್ತದೆ. ಹೇಳದಿದ್ದರೆ ಅವರು ಹೊಟ್ಟೆಗೆ ತಿನ್ನುವುದಿಲ್ಲ. ಭಕ್ತಿ ಹೆಚ್ಚಿದಷ್ಟೂ ಸವೆತ ಹೆಚ್ಚು ಎಂದು ಯಾವ ಬಾಯಲ್ಲಿ ಹೇಳುವುದು?

ಮರುದಿನ ಪೂಜೆ ಮುಗಿದ ಮೇಲೆ ಹೇಗೋ ಹೇಳಿದೆ. ಅಜ್ಜಿ ಬಟ್ಟೆಯನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿದರು.

"ಅಂಗಾದ್ರೆ ಲೋಪ ಅಲ್ಲ?"

"ಅಲ್ಲ. ಜಾಸ್ತಿ ಒತ್ತಬೇಡಿ, ಅಷ್ಟೇ."

"ನಾನು ಹೋಗೋಗಂಟ ಉಳಿಯುತ್ತೆ ತಾನೆ?"

"ಉಳಿಯುತ್ತೆ" ಎಂದೆ. ಯಾವ ಧೈರ್ಯದ ಮೇಲೆ ಅಂದೆನೋ ಇವತ್ತಿಗೂ ಗೊತ್ತಿಲ್ಲ. ಅಂದು ಬೆಳಿಗ್ಗೆ ಅವರು ಉಪ್ಪಿಟ್ಟು ಕೇಳಿ ಹಾಕಿಸಿಕೊಂಡರು. ಮಾರನೆಯ ದಿನ ನೋಡಿದರೆ ಮತ್ತೆ ಹಿಂದಿನಷ್ಟೇ ಒತ್ತಿ ಒರೆಸುತ್ತಿದ್ದರು.

"ಒತ್ತಬೇಡಿ ಅಂದ್ನಲ್ಲ ಅಜ್ಜಿ."

"ನನ್ನ ಕೈಗೆ ನೀನೇ ಹೇಳ್ಬುಡು ಕಣಮ್ಮ. ನನ್ನ ಮಾತು ಅದು ಕೇಳಲ್ಲ."

ಕೆಲವು ವರ್ಷಗಳ ನಂತರ ಅಜ್ಜಿ ಹೋದರು. ಮಣ್ಣು ಮಾಡುವ ಮೊದಲು, ಪೂಜೆಗೆ ಬಂದಿದ್ದ ಅಯ್ಯನವರು ಲಿಂಗಕ್ಕೆ ನೀರೆರೆದು ವಿಭೂತಿ ಹಚ್ಚಿದರು. ಅಜ್ಜಿಯ ಹಳೆಯ ಬಟ್ಟೆಯನ್ನು ನನಗೆ ಕೊಟ್ಟು, "ಒರೆಸಿ ಅವರ ಕೈಲಿಡಮ್ಮ" ಎಂದರು. ಮಸುಕು ಅಜ್ಜಿಯ ಹೆಬ್ಬೆರಳಿನಷ್ಟೇ ಅಗಲವಾಗಿತ್ತು. ನಾನು ಪರೀಕ್ಷಿಸಿದ್ದು ಬೂದಿ, ಬಟ್ಟೆ. ಬೆರಳನ್ನು ನೋಡಿರಲೇ ಇಲ್ಲ. ಎಲ್ಲರೂ ಕಾಯುತ್ತಿದ್ದರು. ಬಟ್ಟೆಯನ್ನು ಆ ಮಸುಕಿನ ಮೇಲಿಟ್ಟೆ. ಎಷ್ಟು ಒತ್ತಬೇಕೆಂದು ತಿಳಿಯಲಿಲ್ಲ.