ವಿಮಾನಕ್ಕೊಂದು ಸೀಟು

ಹೊನ್ನಾಳಿಯಲ್ಲಿ ನನ್ನದು ಬಸ್ಸಿನ ಸೀಟು ಹೊಲಿಯುವ ಅಂಗಡಿ. ಎಂಬತ್ತರ ದಶಕದ ಆರಂಭದಲ್ಲಿ ಒಂದು ಬೆಳಿಗ್ಗೆ ಸವಳಂಗದಿಂದ ಒಬ್ಬರು ಬಂದರು. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು, ನಿವೃತ್ತರಾಗಿ ಊರಿಗೆ ಮರಳಿದ್ದವರು.

"ಸಾಬ್ರೇ, ಒಂದು ಸೀಟು ಬೇಕಿತ್ತಲ್ರೀ."

"ಯಾವ ಬಸ್ಸಿಗೆ?"

"ಬಸ್ಸಿಗಲ್ಲ, ವಿಮಾನಕ್ಕೆ. ಮನೆ ಹಿಂದೆ ನಾನೇ ಕಟ್ತಾ ಇದೀನಿ."

ನಗು ತಡೆದುಕೊಂಡು ಅವರ ಸ್ಕೂಟರ್ ಹತ್ತಿದೆ. ಸವಳಂಗದಲ್ಲಿ ಅವರು ಶೆಡ್ಡಿನ ಬಾಗಿಲು ತೆಗೆದರು. ನಿಜವಾಗಿಯೂ ವಿಮಾನವೇ! ತೆಳು ಪ್ಲೈವುಡ್ಡಿನ ಉದ್ದನೆಯ ಮೈ; ರೆಕ್ಕೆಗಳು ಗೋಡೆಗೆ ಒರಗಿದ್ದವು. ನಡುವೆ ಒಬ್ಬರೇ ಕೂರುವಷ್ಟು ಜಾಗ. ಅದೇ ಕಾಕ್‌ಪಿಟ್.

ನಾನು ತೆಂಗಿನ ನಾರು ತುಂಬಿ, ಬಸ್ಸಿಗೆ ಮಾಡುವಂತೆಯೇ ದಪ್ಪ ಸೀಟು ಮಾಡಿಕೊಟ್ಟೆ. ಅವರು ಕೂತರು. ತಲೆ ಮೇಲಿನ ಗಾಜಿಗೆ ತಗುಲಿತು, ಕಾಲು ಪೆಡಲಿಗೆ ಎಟುಕಲಿಲ್ಲ.

"ಮೆತ್ತಗೇನೋ ಐತೆ. ಹಿಂಗೆ ಕೂತ್ರೆ ಹಾರಾಕೆ ಆಗಲ್ಲ," ಎಂದು ಅವರೇ ನಕ್ಕುಬಿಟ್ಟರು.

ಎಲ್ಲ ಬಿಚ್ಚಿ ಅವರ ಬೆನ್ನು, ತೊಡೆಯ ಅಳತೆ ತೆಗೆದು ಹೊಸದಾಗಿ ಹೊಲಿದೆ. ಆಮೇಲೆ ಪ್ರತಿ ಶುಕ್ರವಾರ ನಮಾಜು ಮುಗಿಸಿ ಕರೆಯದಿದ್ದರೂ ಹೋಗತೊಡಗಿದೆ. ಎತ್ತರ ತೋರಿಸುವ, ವೇಗ ತೋರಿಸುವ ಮುಳ್ಳುಗಳು ಒಂದೊಂದಾಗಿ ಮುಂದಿನ ಹಲಗೆಯಲ್ಲಿ ಕೂತವು. ದಿಕ್ಸೂಚಿ ಮಾತ್ರ ಉತ್ತರಕ್ಕೆ ತಿರುಗಲೊಲ್ಲದು. ಮೂರು ವಾರ ಅವರು ತಲೆ ಕೆರೆದುಕೊಂಡರು. ಒಂದು ದಿನ ಸೀಟಿನ ದಾರ ಕತ್ತರಿಸಲೆಂದು ಕತ್ತರಿ ಹಿಡಿದು ಒಳಗೆ ಬಗ್ಗಿದೆ. ದಿಕ್ಸೂಚಿಯ ಮುಳ್ಳು ಗಿರಕ್ಕನೆ ನನ್ನತ್ತ ಹೊರಳಿತು.

"ಒಂದ್ನಿಮಿಷ ರೀ! ಇದನ್ನ ಕಬ್ಬಿಣ ಎಳೀತೈತೆ!" ಎಂದು ಕೂಗಿದೆ.

ಹಲಗೆಯ ಸ್ಕ್ರೂ ಅಷ್ಟೂ ಕಬ್ಬಿಣದವು. ಅವರು ಹಣೆ ಚಚ್ಚಿಕೊಂಡರು. "ಇಷ್ಟು ವರ್ಷ ವಿಮಾನದಾಗೇ ಇದ್ದೆ, ನನಗೆ ಹೊಳೀಲಿಲ್ಲ ನೋಡ್ರಿ!" ಮರುದಿನವೇ ದಾವಣಗೆರೆಗೆ ಹೋಗಿ ಹಿತ್ತಾಳೆಯ ಸ್ಕ್ರೂ ತಂದರು. ಮುಳ್ಳು ಉತ್ತರಕ್ಕೆ ನಿಂತಾಗ ಇಬ್ಬರೂ ಕೈ ಹಿಡಿದುಕೊಂಡು ಕುಣಿದೆವು. ಆಗ ನಮಗಿಬ್ಬರಿಗೂ ಐವತ್ತರ ಹತ್ತಿರ.

ಸುಗ್ಗಿ ಮುಗಿದ ಮೇಲೆ ವಿಮಾನವನ್ನು ಬಿಚ್ಚಿ, ಲಾರಿಯಲ್ಲಿ ಜಗಳೂರಿನ ಕಡೆ ಸೊಕ್ಕೆಗೆ ಸಾಗಿಸಿದೆವು. ಅಲ್ಲಿ ಅವರ ಬೀಗರ ಹೊಲ, ಅಂಗೈಯಂತೆ ಮಟ್ಟಸ. ರೆಕ್ಕೆ ಜೋಡಿಸಿ, ಅವರು ಕೂತ ಮೇಲೆ ಸೀಟಿನ ಬೆಲ್ಟನ್ನು ನಾನೇ ಬಿಗಿದೆ. ಬಿಗಿದದ್ದನ್ನೇ ಮತ್ತೆ ಮತ್ತೆ ಎಳೆದು ನೋಡಿದೆ.

"ಹೆದ್ರಿಕೆ ಏನ್ರೀ?" ಎಂದರು.

"ನಿಮಗಿಲ್ವಾ?"

"ಐತೆ. ಸರೀರಿ ಆ ಕಡೆ!"

ಎಂಜಿನ್ ಚಾಲೂ ಆಗಿ ವಿಮಾನ ಧೂಳೆಬ್ಬಿಸುತ್ತ ಓಡಿತು, ಒಮ್ಮೆ ಕುಪ್ಪಳಿಸಿತು. ಚಕ್ರದ ಕೆಳಗೆ ಬೆಳಕು ಕಂಡಿತು! ಜಾಲಿಮರದಷ್ಟು ಎತ್ತರ ಏರಿ, ಹೊಲದ ಆ ತುದಿಯಲ್ಲಿ ಮೆಲ್ಲಗೆ ಇಳಿಯಿತು. ಚಪ್ಪಲಿ ಎಲ್ಲಿ ಬಿತ್ತೋ, ಬರಿಗಾಲಲ್ಲಿ ಓಡಿದೆ. ಅವರ ಕಣ್ಣು ತುಂಬಿತ್ತು. ಕೆಳಗಿಳಿಯಲೇ ಇಲ್ಲ.

"ಹಿಂದಕ್ಕೆ ತಿರುಗಿಸ್ರಿ ಬೇಗ," ಎಂದರು, "ಗಾಳಿ ಚೆನ್ನಾಗೈತೆ."

ನಾನೂ ಬೀಗರೂ ಬಾಲ ಹಿಡಿದು ತಿರುಗಿಸಿದೆವು.